ಸಿಂಗಾಪುರ್ ಚಾಂಗಿ ಏರ್ಪೋರ್ಟಲ್ಲಿ ಇಡೀ ರಾತ್ರಿ ಲೇಓವರ್, ಅಮ್ಮ ಜೊತೇಲಿದಾರೆ, ಏನ್ ಮಾಡೋದು?

ಬೆಂಗಳೂರಿಂದ ಸಿಡ್ನಿಗೆ ಹೊರಟಿದೀವಿ, ರಾತ್ರಿ 11ಕ್ಕೆ ಇಳಿದ್ರೆ ಮುಂದಿನ ಫ್ಲೈಟ್ ಬೆಳಗ್ಗೆ 9ಕ್ಕೆ. ಸಿಂಗಾಪುರ್ ವೀಸಾ ಇಲ್ಲ. ಅಮ್ಮಂಗೆ ಮಂಡಿ ನೋವು, ಕುರ್ಚೀಲಿ ನಿದ್ದೆ ಬರಲ್ಲ ಅಂತಾರೆ. ಏರ್ಪೋರ್ಟಿಗೆ ಅಂಟಿಕೊಂಡಿರೋ ಜುವೆಲ್ ಮಾಲ್‌ನ ಜಲಪಾತ ನೋಡ್ಬೋದಾ?

ಕರಾವಳಿ ಕಾಗೆ: ಜುವೆಲ್ ಇಮಿಗ್ರೇಶನ್ ಆಚೆ ಇದೆ ಮಾರಾಯ್ರೆ, ಇಮಿಗ್ರೇಶನ್ ದಾಟ್ದೆ ಅದ್ರೊಳಗೆ ಓಡಾಡೋಕಾಗಲ್ಲ. ಟರ್ಮಿನಲ್ 2, 3 ನಡುವಿನ ಸ್ಕೈಟ್ರೇನ್ ಅದ್ರೊಳಗಿಂದ್ಲೇ ಹೋಗುತ್ತೆ, ಗಾಜಿನಿಂದ ತೋಟ ಕಾಣುತ್ತೆ, ಆದ್ರೆ 40 ಮೀಟರ್ ಜಲಪಾತವನ್ನ ರಾತ್ರಿ ನಿಲ್ಲಿಸಿರ್ತಾರೆ.

ನಿದ್ರಾದೇವಿ: ಅಮ್ಮ ಇದಾರೆ ಅಂದ್ರೆ ದುಡ್ಡಿನ ಮುಖ ನೋಡ್ಬೇಡಿ, ಇಮಿಗ್ರೇಶನ್ ಒಳಗೇ ಇರೋ ಟ್ರಾನ್ಸಿಟ್ ಹೋಟೆಲ್ ಮೊದಲೇ ಬುಕ್ ಮಾಡಿ, ಅದು ಗಂಟೆ ಲೆಕ್ಕದಲ್ಲಿ ಸಿಗುತ್ತೆ, ವೀಸಾನೂ ಬೇಡ. ವೀಲ್‌ಚೇರ್ ಟಿಕೆಟ್ ಮಾಡುವಾಗ್ಲೇ ಕೇಳಿ, ಅಮ್ಮ ನಾಚ್ಕೊಂಡ್ರೂ ಬಿಡ್ಬೇಡಿ. ಏಸಿ ಚಳಿ ಅಂದ್ರೆ ಚಳಿ, ಶಾಲು ಸಾಕ್ಸು ಕೈಚೀಲದಲ್ಲೇ ಇರ್ಲಿ, ಲಗೇಜಿಗೆ ಹಾಕಿದ್ರೆ ಸಿಡ್ನೀಲೇ ಸಿಗೋದು 😄

ಕರಾವಳಿ ಕಾಗೆ: ಹಾಂ, ಇನ್ನೊಂದು. ಟರ್ಮಿನಲ್ 3ರಲ್ಲಿ ಪುಕ್ಕಟೆ ಸಿನಿಮಾ ಇದೆ. ಚಿಟ್ಟೆ ತೋಟಾನೂ ಇದೆ, ರಾತ್ರಿ ಚಿಟ್ಟೆಗಳೂ ಮಲಗಿರ್ತವೆ, ಬೆಳಕು ಹರಿದ ಮೇಲೆ ಹೋಗಿ. ಮತ್ತೆ 1, 2, 3ರಲ್ಲಿ ಸೆಕ್ಯುರಿಟಿ ಚೆಕ್ ವಿಮಾನ ಹತ್ತೋ ಗೇಟ್ ಬಾಯಲ್ಲೇ, ಅಲ್ಲಿ ನೀರಿನ ಬಾಟ್ಲಿ ಖಾಲಿ ಮಾಡಿಸ್ತಾರೆ, ಬಾತ್ರೂಮಿಗೂ ಮೊದ್ಲೇ ಹೋಗ್ಬಿಡಿ.

ಕೇಳಿದವಳು: ಥ್ಯಾಂಕ್ಸ್ ರೀ, ಹೋಟೆಲೇ ಮಾಡ್ತೀನಿ. ಅಮ್ಮ ಈಗ್ಲೇ ಚಪಾತಿ ಕಟ್ಕೊಳ್ಳೋ ಪ್ಲಾನಲ್ಲಿದಾರೆ.

ನಿದ್ರಾದೇವಿ: ಚಪಾತಿ ಅಲ್ಲೇ ತಿಂದು ಮುಗಿಸಿ, ಆಸ್ಟ್ರೇಲಿಯಾದವ್ರು ತಿಂಡಿ ವಿಷ್ಯದಲ್ಲಿ ಭಾರೀ ಸ್ಟ್ರಿಕ್ಟು, ಉಳಿದಿದ್ರೆ ಅಲ್ಲಿ ಇಳಿಯುವಾಗ ತುಂಬೋ ಕಾರ್ಡಲ್ಲಿ ಡಿಕ್ಲೇರ್ ಮಾಡ್ಲೇಬೇಕು.