ಲ್ಯಾಪ್‌ಟಾಪ್‌ಗೆ ದುಡ್ಡು ಹಾಕುವ ಮೊದಲು ಒಮ್ಮೆ ಕೇಳಿ – ಪ್ರಶ್ನೋತ್ತರ

ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವ. ಬ್ಯಾಟರಿ, ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ಮೆಮೊರಿ), ಹೊರಗಿನ ಮಾನಿಟರ್ ಬಗ್ಗೆ ಏನಿದ್ದರೂ ಇಲ್ಲಿ ಕೇಳಿ. ಒಂದೇ ಮಾತು, ಕೇಳುವಾಗ ಮಾಡೆಲ್ ನಂಬರ್ ಬರೆಯಿರಿ. "ಕಪ್ಪು ಬಣ್ಣದ್ದು, ಭಾವ ಗಲ್ಫಿನಿಂದ ತಂದದ್ದು" ಎಂದರೆ ನನಗೆ ಏನೂ ಗೊತ್ತಾಗುವುದಿಲ್ಲ ಮಾರಾಯ್ರೆ. ನಂಬರ್ ಅಡಿಭಾಗದ ಸ್ಟಿಕರಿನಲ್ಲಿ ಉಂಟು.

ಪ್ರಶ್ನೆ (ಪೆರ್ಲದಿಂದ ಒಬ್ಬರು ಟೀಚರ್): ಅಣ್ಣಾ, ನನ್ನದು ನಾಲ್ಕು ವರ್ಷದ ಲ್ಯಾಪ್‌ಟಾಪ್. ಮೊದಲು ಐದು ಗಂಟೆ ಬರುತ್ತಿತ್ತು, ಈಗ ಒಂದೂವರೆ ಗಂಟೆಯೂ ಇಲ್ಲ. 30 ಪರ್ಸೆಂಟ್ ತೋರಿಸುತ್ತಿರುವಾಗಲೇ ಪಕ್ಕನೆ ಆಫ್ ಆಗುತ್ತದೆ. ಮನೆಯಲ್ಲಿ ಯಾವಾಗಲೂ ಚಾರ್ಜರ್ ಹಾಕಿಯೇ ಇಡುವುದು. ಹಾಗೆ ಮಾಡಿದ್ದೇ ತಪ್ಪಾಯಿತಾ?

ಉತ್ತರ: ಚಾರ್ಜರ್ ಹಾಕಿಟ್ಟದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ ಟೀಚರ್. ತುಂಬಿದ ಮೇಲೆ ಚಾರ್ಜಿಂಗ್ ತಾನಾಗಿ ನಿಲ್ಲುತ್ತದೆ. ಆದರೆ ಲಿಥಿಯಂ ಬ್ಯಾಟರಿಗೆ ಹೊಟ್ಟೆ ತುಂಬಿಕೊಂಡು ಬಿಸಿಯಲ್ಲಿ ಕೂರುವುದು ಆಗಿಬರುವುದಿಲ್ಲ. ಒಂದೊಂದು ಸೆಲ್ 4.2 ವೋಲ್ಟ್ ಹತ್ತಿರ ದಿನಗಟ್ಟಲೆ ನಿಂತರೆ ಬೇಗ ಮುದಿಯಾಗುತ್ತದೆ. ಅದರ ಮೇಲೆ ನಮ್ಮ ಎಪ್ರಿಲ್ ತಿಂಗಳ ಸೆಕೆ ಬೇರೆ.

ಹೊಸ ಬ್ಯಾಟರಿಗೆ ಓಡುವ ಮೊದಲು ಈಗ ಇರುವುದರ ಆರೋಗ್ಯ ನೋಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಪವರ್‌ಸಿಎಫ್‌ಜಿ ಎಂದು ಒಟ್ಟಿಗೆ ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಸ್ಪೇಸ್ ಇಲ್ಲದೆ ಬರೆದು ಎಂಟರ್ ಒತ್ತಿ. ಒಂದು ಫೈಲ್ ಆಗುತ್ತದೆ, ಎಲ್ಲಿ ಉಂಟು ಎಂದು ಅದೇ ಹೇಳುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಸಂಖ್ಯೆ ಸಿಗುತ್ತವೆ. ಎರಡನ್ನೂ ಇಲ್ಲಿ ಹಾಕಿ.

ಟೀಚರ್: ಡಿಸೈನ್ 41,000, ಫುಲ್ ಚಾರ್ಜ್ 17,630 ಅಂತ ಉಂಟು. ಸೈಕಲ್ ಕೌಂಟ್ 512.

ಉತ್ತರ: ಹೊಸತಿರುವಾಗ ನೂರು ಲೋಟ ಹಿಡಿಯುತ್ತಿದ್ದ ಪಾತ್ರೆ ಈಗ 43 ಲೋಟ ಹಿಡಿಯುತ್ತಿದೆ. ಸಾಮಾನ್ಯ ಲ್ಯಾಪ್‌ಟಾಪ್ ಬ್ಯಾಟರಿ 300ರಿಂದ 500 ಸೈಕಲ್ ಆಗುವಾಗ 80 ಪರ್ಸೆಂಟಿಗೆ ಇಳಿಯುತ್ತದೆ. ಸೈಕಲ್ ಎಂದರೆ ಚಾರ್ಜರ್ ಚುಚ್ಚಿದ ಲೆಕ್ಕ ಅಲ್ಲ. ಅರ್ಧರ್ಧ ಎರಡು ಸಲ ಖರ್ಚಾದರೆ ಒಂದು ಸೈಕಲ್. ನಿಮ್ಮದು ದುಡಿದು ದಣಿದಿದೆ, ಬದಲಿಸುವುದೇ ಸರಿ. 30ರಲ್ಲಿ ಆಫ್ ಆಗುವುದೂ ಅದಕ್ಕೇ. ಕೆಲಸದ ಭಾರ ಬಿದ್ದ ಕೂಡಲೇ ಹಳೆ ಸೆಲ್‌ನ ವೋಲ್ಟೇಜ್ ಕುಸಿಯುತ್ತದೆ, ಪರ್ಸೆಂಟ್ ಲೆಕ್ಕ ತಪ್ಪುತ್ತದೆ.

ಕೊಳ್ಳುವಾಗ ಬ್ಯಾಟರಿಯ ಮೇಲಿರುವ ಪಾರ್ಟ್ ನಂಬರ್ ನೋಡಿ ಅದನ್ನೇ ಕೇಳಿ. ತಯಾರಾದ ತಿಂಗಳು ನೋಡಿ, ಮೂರು ವರ್ಷ ಗೋಡೌನಿನಲ್ಲಿ ಕೂತದ್ದು "ಹೊಸತು" ಅಲ್ಲ. ಹಾಕಿದ ದಿನವೇ ಇದೇ ರಿಪೋರ್ಟ್ ತೆಗೆಯಿರಿ. ಕವರಿನ ಮೇಲೆ ದೊಡ್ಡ ಸಂಖ್ಯೆ ಬರೆದು ಒಳಗೆ ಚಿಕ್ಕದು ಕೊಡುವವರು ಇದ್ದಾರೆ.

ಹೊಸತು ಹಾಕಿದ ಮೇಲೆ ಚಾರ್ಜ್ 80ಕ್ಕೆ ನಿಲ್ಲುವಂತೆ ಮಾಡಿ. ಲೆನೊವೊದಲ್ಲಿ ವ್ಯಾಂಟೇಜ್, ಅಸೂಸ್‌ನಲ್ಲಿ ಮೈ ಅಸೂಸ್ ಎಂಬ ಆ್ಯಪ್ ಒಳಗೆ ಇಂಥ ಸೆಟ್ಟಿಂಗ್ ಉಂಟು. ಡೆಲ್, ಎಚ್‌ಪಿಯ ಹಲವು ಮಾಡೆಲ್‌ಗಳಲ್ಲಿ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲೇ ಸಿಗುತ್ತದೆ. ಎಪ್ರಿಲ್-ಮೇ ರಜೆಯಲ್ಲಿ ಮುಟ್ಟುವುದಿಲ್ಲ ಎಂದಾದರೆ ಅರ್ಧ ಚಾರ್ಜಿನಲ್ಲಿ ಆಫ್ ಮಾಡಿಡಿ. ಪೂರ್ತಿ ಖಾಲಿ ಮಾಡಿಟ್ಟರೆ ಜೂನ್ ಒಂದಕ್ಕೆ ಅದು ಏಳದೇ ಹೋಗಬಹುದು.

ಪ್ರಶ್ನೆ (ನೀರ್ಚಾಲಿನಿಂದ): ಹೊಸ ಬ್ಯಾಟರಿಯನ್ನು ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಬೇಕಂತೆ, ಹೌದಾ?

ಉತ್ತರ: ಬೇಡ. ಅದು ಹಳೆ ನಿಕಲ್ ಬ್ಯಾಟರಿ ಕಾಲದ ಮಾತು.

ಪ್ರಶ್ನೆ (ಮುಳ್ಳೇರಿಯದಿಂದ ಒಬ್ಬರು ಕೃಷಿಕರು): ನನ್ನ ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪ್. ಕೃಷಿ ಲೆಕ್ಕ, ಯಕ್ಷಗಾನ ವಿಡಿಯೋಗೆ ಸಾಕು. ಈಗ ಬೆರಳಾಡಿಸುವ ಪ್ಯಾಡ್ ಮೇಲೆ ಬಂದಿದೆ, ಒತ್ತಿದರೆ ಕ್ಲಿಕ್ ಆಗುವುದಿಲ್ಲ. ಮುಚ್ಚಳ ಸರಿ ಕೂರುವುದಿಲ್ಲ. ಒಳಗೆ ಬ್ಯಾಟರಿಗೆ ಗಾಳಿ ತುಂಬಿದೆ ಎಂದ ಪಕ್ಕದ ಮನೆ ಹುಡುಗ. ಸೂಜಿ ಚುಚ್ಚಿ ಗಾಳಿ ಬಿಡಬಹುದಾ?

ಉತ್ತರ: ಅಯ್ಯೋ ಬೇಡ! ದಯವಿಟ್ಟು ಮುಟ್ಟಬೇಡಿ. ಹುಡುಗ ಹೇಳಿದ್ದು ಸರಿ, ಬ್ಯಾಟರಿ ಬಾತಿದೆ. ಆದರೆ ಅದು ಸೈಕಲ್ ಟ್ಯೂಬಿನ ಗಾಳಿ ಅಲ್ಲ. ಒಳಗಿನ ದ್ರಾವಣ ಹಾಳಾಗಿ ಹುಟ್ಟಿದ ಅನಿಲ, ಅದಕ್ಕೆ ಬೆಂಕಿ ಹತ್ತುತ್ತದೆ. ಸೂಜಿ ಪದರಗಳನ್ನು ದಾಟಿತೆಂದರೆ ಒಳಗೇ ಶಾರ್ಟ್ ಆಗುತ್ತದೆ. ಕ್ಷಣದಲ್ಲಿ ಹೊಗೆ, ಹಿಂದೆಯೇ ಬೆಂಕಿ.

ಈಗಲೇ ಚಾರ್ಜರ್ ತೆಗೆಯಿರಿ. ಆಫ್ ಮಾಡಿ. ಮತ್ತೆ ಆನ್ ಮಾಡಿ "ಒಂದು ಫೋಟೊ ಕಾಪಿ ಮಾಡಿಕೊಳ್ಳುತ್ತೇನೆ" ಎನ್ನಬೇಡಿ, ಫೋಟೊ ಡಿಸ್ಕಿನಲ್ಲಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಸಿಗುತ್ತದೆ. ಮುಚ್ಚಳವನ್ನು ಒತ್ತಿ ಕೂರಿಸಬೇಡಿ. ಹಾಸಿಗೆ, ಅಡಿಕೆ ಗೋಣಿ, ಒಣಹುಲ್ಲು ಹತ್ತಿರ ಇಡಬೇಡಿ. ಸಿಮೆಂಟ್ ನೆಲದ ಮೇಲೆ, ಬಿಸಿಲು ತಾಗದ ಕಡೆ ಇರಲಿ. ಪಕ್ಕದಲ್ಲಿ ಒಂದು ಬಾಲ್ದಿ ಒಣ ಹೊಯಿಗೆ (ಮರಳು) ಇದ್ದರೆ ಒಳ್ಳೆಯದು. ಅಂಗಡಿಗೆ ತರುವಾಗ ಸ್ಕೂಟರಿನ ಸೀಟಿನಡಿ ತುರುಕಬೇಡಿ, ಅಲ್ಲಿ ಬಿಸಿ ಜಾಸ್ತಿ.

ಬ್ಯಾಟರಿ ತೆಗೆದ ಮೇಲೂ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಬರೀ ಚಾರ್ಜರಿನಲ್ಲಿ ಓಡುತ್ತವೆ. ಯಕ್ಷಗಾನಕ್ಕೆ ಅಡ್ಡಿಯಿಲ್ಲ. ಆದರೆ ಕರೆಂಟ್ ಹೋದರೆ ಭಾಗವತರು ಅರ್ಧಕ್ಕೇ ನಿಲ್ಲುತ್ತಾರೆ ಅಷ್ಟೆ.

ಪ್ರಶ್ನೆ (ಉಪ್ಪಳದಿಂದ, ಡಿಗ್ರಿ ಎರಡನೇ ವರ್ಷ): ಅಣ್ಣ, ನನ್ನ ಲ್ಯಾಪ್‌ಟಾಪ್ 2017ರದ್ದು. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಆಗಲು ಐದು ನಿಮಿಷ. 16 ಜಿಬಿ ರ‍್ಯಾಮ್ ಹಾಕಿದರೆ ಸ್ಪೀಡ್ ಆಗುತ್ತದಾ? ಆನ್‌ಲೈನಿನಲ್ಲಿ ನೋಡಿಟ್ಟಿದ್ದೇನೆ.

ಉತ್ತರ: ನೋಡಿಟ್ಟದ್ದು ಅಲ್ಲೇ ಇರಲಿ. ಆನ್ ಆಗಲು ಐದು ನಿಮಿಷ ಎಂದರೆ ಅಪರಾಧಿ ಹಾರ್ಡ್ ಡಿಸ್ಕ್. ಅದರಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಓಡಾಡಬೇಕು. ಸೆಕೆಂಡಿಗೆ 100 ಎಂಬಿ ಆಸುಪಾಸು ಓದಿದರೆ ದೊಡ್ಡದು, ಚಿಲ್ಲರೆ ಫೈಲ್‌ಗಳಾದರೆ ಅದೂ ಇಲ್ಲ. ಸಾದಾ ಸಾಟಾ ಎಸ್‌ಎಸ್‌ಡಿ (ಚಿಪ್ಪಿನಲ್ಲೇ ಫೈಲ್ ಉಳಿಸುವ ಡಿಸ್ಕ್) 500 ಎಂಬಿ ದಾಟುತ್ತದೆ, ತಿರುಗುವ ಭಾಗವೇ ಇಲ್ಲ. ನಾನು ಅಂಗಡಿಯಲ್ಲಿ ನೋಡಿದ ಮಟ್ಟಿಗೆ ಹತ್ತರಲ್ಲಿ ಏಳೆಂಟು ಜನ ರ‍್ಯಾಮ್ ಕೇಳಿ ಬರುತ್ತಾರೆ, ಅವರಿಗೆ ಬೇಕಾದದ್ದು ಎಸ್‌ಎಸ್‌ಡಿ.

ರ‍್ಯಾಮ್ ಕೂಡ ಬೇಕು, 4 ಈಗ ಸಾಲದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ನೋಡಿ. ನಿಮ್ಮ ಬ್ರೌಸರ್, ವರ್ಡ್, ಎಲ್ಲ ತೆರೆದಿಟ್ಟು ಎಷ್ಟು ತಿನ್ನುತ್ತದೆ ನೋಡಿ. ಸ್ಲಾಟ್ಸ್ ಯೂಸ್ಡ್ ಎಂದು ಕೆಳಗೆ ಇರುತ್ತದೆ. ಎರಡರಲ್ಲಿ ಒಂದು ಎಂದಿದ್ದರೆ ಇನ್ನೊಂದು ಜಾಗ ಖಾಲಿ.

ಉಪ್ಪಳದಿಂದಲೇ: ಎರಡರಲ್ಲಿ ಒಂದು ಎಂದೇ ಉಂಟು. ಆದರೆ ಅಣ್ಣ... ನೋಡಿಟ್ಟದ್ದಲ್ಲ, ನಿನ್ನೆಯೇ ತರಿಸಿದೆ. ಸ್ಲಾಟಿಗೆ ಕೂರುತ್ತಿಲ್ಲ. ಸ್ವಲ್ಪ ಒತ್ತಲಾ?

ಉತ್ತರ: ಒತ್ತಬೇಡ! ಕೂರದಿದ್ದರೆ ಜಾತಿ ಬೇರೆ ಎಂದರ್ಥ, ಡಿಡಿಆರ್ ನಂಬರ್ ಹೇಳುವುದು ಆ ಜಾತಿಯನ್ನೇ. ಲ್ಯಾಪ್‌ಟಾಪಿನ ಡಿಡಿಆರ್ 3ಗೆ 204 ಪಿನ್, ಡಿಡಿಆರ್ 4ಗೆ 260, ಡಿಡಿಆರ್ 5ಗೆ 262. ನಡುವಿನ ಗೀರು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದು ಇನ್ನೊಂದಕ್ಕೆ ಹೋಗಬಾರದೆಂದೇ ಹಾಗೆ ಮಾಡಿರುವುದು. ವೋಲ್ಟೇಜೂ ಬೇರೆ: ಡಿಡಿಆರ್ 4ಗೆ 1.2, ಡಿಡಿಆರ್ 5ಗೆ 1.1. ಈಗ ಇರುವ ರ‍್ಯಾಮಿನ ಸ್ಟಿಕರ್ ಫೋಟೊ ತೆಗೆದು ಹಾಕು. ಬಂದದ್ದನ್ನು ವಾಪಸ್ ಕಳಿಸು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಕೆಲಸ ಕಲಿತ ಹೊಸತು. ಚಾರ್ಜರ್ ತೆಗೆದಿದ್ದೆ, ಆದರೆ ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಿರಲಿಲ್ಲ. ಲ್ಯಾಪ್‌ಟಾಪ್ ಸ್ಲೀಪ್‌ನಲ್ಲಿತ್ತು. ರ‍್ಯಾಮ್ ಎಳೆದೆ, ಸಣ್ಣ ಟಪ್ ಎಂಬ ಸದ್ದು. ಬೋರ್ಡ್ ಹೋಯಿತು. ಮೂರು ತಿಂಗಳ ದುಡಿಮೆ ಅದಕ್ಕೇ ಕೊಟ್ಟೆ. ಪೂರ್ತಿ ಶಟ್‌ಡೌನ್, ಚಾರ್ಜರ್ ಹೊರಗೆ, ಬ್ಯಾಟರಿ ಕನೆಕ್ಟರ್ ಹೊರಗೆ, ಆಮೇಲೆ ರ‍್ಯಾಮ್. ಇದನ್ನು ಈಗ ಮೇಜಿನ ಮೇಲೆ ಬರೆದು ಅಂಟಿಸಿದ್ದೇನೆ.

ಇನ್ನೊಂದು. ನಿನ್ನದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಚಿತ್ರ ತೋರಿಸುವ ಕೆಲಸ ರ‍್ಯಾಮಿನಿಂದಲೇ ಪಾಲು ತಿನ್ನುತ್ತದೆ. ಆದ್ದರಿಂದ 4ಕ್ಕೆ 4 ಸೇರಿಸಿ ಎರಡೂ ಸ್ಲಾಟ್ ತುಂಬಿಸಿದರೆ ಡ್ಯುಯಲ್ ಚಾನೆಲ್ ಆಗಿ (ಎರಡೂ ಒಟ್ಟಿಗೆ ಕೆಲಸ ಮಾಡಿ) ಸ್ವಲ್ಪ ಲಾಭವೂ ಉಂಟು. ನಿನ್ನ ಕೆಲಸಕ್ಕೆ 8 ಜಿಬಿ ಮತ್ತು ಎಸ್‌ಎಸ್‌ಡಿ ಸಾಕು. ಎರಡು ಬೇರೆ ಸ್ಪೀಡಿನ ರ‍್ಯಾಮ್ ಹಾಕಿದರೆ ಎರಡೂ ನಿಧಾನದ್ದರ ಲೆಕ್ಕಕ್ಕೆ ಓಡುತ್ತವೆ, ಹೆದರಬೇಕಾಗಿಲ್ಲ.

ಪ್ರಶ್ನೆ (ಮಂಜೇಶ್ವರದಿಂದ): ಅದೇ 2017ರ ಮಾಡೆಲ್‌ಗೆ ವಿಂಡೋಸ್ 11 ಹಾಕಬಹುದಾ? ನನ್ನದೂ ಹಾಗಿನದ್ದೇ.

ಉತ್ತರ: ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಮತ್ತು ಅದರ ನಂತರದ್ದು ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೂಡ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳತಾದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ. ನಮ್ಮ ಊರಿನವರು ಇದಕ್ಕೆ ಹೆದರಬೇಕಾಗಿಯೇ ಇಲ್ಲ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಕೈಟ್ (ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳ ಸರಕಾರದ ಸಂಸ್ಥೆ) ಕೊಟ್ಟ ಗ್ನೂ ಲಿನಕ್ಸಿನಲ್ಲಿ, ಅದು ಉಬುಂಟು ಎಂಬ ಲಿನಕ್ಸಿನ ಆಧಾರದ್ದು. ಮನೆಯ ಮಕ್ಕಳನ್ನೇ ಕೇಳಿ, ಅವರು ಹೇಳಿಕೊಡುತ್ತಾರೆ.

ಪೆರ್ಲದ ಟೀಚರ್: ಹೌದು ಹೌದು, ಐದನೇ ಕ್ಲಾಸಿನವರು ನಮಗೇ ಕಲಿಸುತ್ತಾರೆ!

ಪ್ರಶ್ನೆ (ಕುಂಬಳೆಯಿಂದ, ಮನೆಯಿಂದ ಕೆಲಸ ಮಾಡುವವರು): ಸರ್, 24 ಇಂಚಿನ ಮಾನಿಟರ್ ತಂದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಟೈಪ್ ಸಿ ಉಂಟು, ಅದಕ್ಕೆ ಎಚ್‌ಡಿಎಂಐ ಕನ್ವರ್ಟರ್ ತಂದೆ. ನೋ ಸಿಗ್ನಲ್ ಎಂದೇ ಬರುತ್ತದೆ. ಕನ್ವರ್ಟರ್ ಬದಲಿಸಿದೆ, ಹಾಗೇ. ಮಾನಿಟರ್ ಹಾಳಾ?

ಉತ್ತರ: ಅಕ್ಕಾ, ಮೂರನೇ ಕನ್ವರ್ಟರ್ ತರಬೇಡಿ. ಟೈಪ್ ಸಿ ಎಂಬುದು ಬಾಗಿಲಿನ ಆಕಾರ ಮಾತ್ರ. ಒಳಗೆ ಯಾರಿದ್ದಾರೆ ಎಂದು ಆಕಾರ ಹೇಳುವುದಿಲ್ಲ. ಕೆಲವು ಪೋರ್ಟ್ ಬರೀ ಡೇಟಾಕ್ಕೆ, ಕೆಲವು ಚಾರ್ಜಿಗೂ, ಕೆಲವು ಮಾತ್ರ ಚಿತ್ರಕ್ಕೂ. ಚಿತ್ರ ಬರಬೇಕಾದರೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಇರಬೇಕು. ಪೋರ್ಟಿನ ಪಕ್ಕದಲ್ಲಿ ಡಿ ಅಕ್ಷರದೊಳಗೆ ಪಿ ಇರುವಂಥ ಗುರುತು, ಅಥವಾ ಥಂಡರ್‌ಬೋಲ್ಟಿನ ಮಿಂಚಿನ ಬಾಣ ಉಂಟಾ ನೋಡಿ. ಗುರುತು ಇಲ್ಲದಿದ್ದರೂ ಕೆಲವದರಲ್ಲಿ ಇರುತ್ತದೆ, ಆದ್ದರಿಂದ ಕಂಪನಿ ಸೈಟಿನಲ್ಲಿ ಮಾಡೆಲ್ ಹಾಕಿ ಪೋರ್ಟುಗಳ ವಿವರ ಓದಿ. ಮತ್ತೆ ಬದಿಯಲ್ಲಿ ಸಾದಾ ಎಚ್‌ಡಿಎಂಐ ಇಲ್ಲವಾ?

ಕುಂಬಳೆಯಿಂದ: ಉಂಟು ಸರ್... ಚಾರ್ಜರ್ ಪಕ್ಕದಲ್ಲಿ. ರಬ್ಬರ್ ಮುಚ್ಚಳ ಹಾಕಿತ್ತು, ಗಮನಿಸಿರಲಿಲ್ಲ. ಈಗ ಹಾಕಿದೆ, ಬಂತು!

ಉತ್ತರ: ಒಳ್ಳೆದಾಯ್ತು. ವಿಂಡೋಸ್ ಕೀ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ ಆರಿಸಿ. ಅಕ್ಷರ ಮಸುಕಾಗಿದ್ದರೆ ರೆಸಲ್ಯೂಶನ್ 1920, 1080ಕ್ಕೆ ಇಡಿ. ಮುಂದೆ 4ಕೆ ಮಾನಿಟರ್ ಆಸೆಯಾದರೆ ಒಂದು ನೆನಪಿಡಿ: ಹಳೆಯ ಎಚ್‌ಡಿಎಂಐ 1.4ರಲ್ಲಿ 4ಕೆ ಬರುವುದು ಸೆಕೆಂಡಿಗೆ 30 ಸಲ ಮಾತ್ರ, ಮೌಸ್ ಎಳೆದ ಹಾಗೆ ಅನಿಸುತ್ತದೆ. 60 ಬೇಕಾದರೆ 2.0 ಇರಬೇಕು.

ಪ್ರಶ್ನೆ (ಮಂಜೇಶ್ವರದಿಂದ): ಹಳೆ ಲ್ಯಾಪ್‌ಟಾಪಿನ ಸ್ಕ್ರೀನನ್ನೇ ಎಚ್‌ಡಿಎಂಐ ಕೇಬಲ್ ಹಾಕಿ ಎರಡನೇ ಮಾನಿಟರ್ ಮಾಡಬಹುದಾ?

ಉತ್ತರ: ಇಲ್ಲ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಹೆಚ್ಚುಕಡಿಮೆ ಎಲ್ಲ ಮಾಡೆಲಿನಲ್ಲೂ ಹೊರಗೆ ಕಳಿಸುವುದಕ್ಕೆ ಮಾತ್ರ. ಎರಡರಲ್ಲೂ ವಿಂಡೋಸ್ ಇದ್ದರೆ ಪ್ರೊಜೆಕ್ಟಿಂಗ್ ಟು ದಿಸ್ ಪಿಸಿ ಎಂಬ ಸೆಟ್ಟಿಂಗಿನಿಂದ ವೈಫೈ ಮೂಲಕ ಮಾಡಿ ನೋಡಿ. ಸ್ವಲ್ಪ ತಡವರಿಸುತ್ತದೆ.

ಪ್ರಶ್ನೆ (ಅಡೂರಿನಿಂದ): ಮಾನಿಟರ್ ವಿಷಯ ಬಂದದ್ದಕ್ಕೆ ಕೇಳುತ್ತೇನೆ. ಕಳೆದ ತುಲಾ ತಿಂಗಳಲ್ಲಿ ಸಿಡಿಲು ಹೊಡೆದಾಗ ಲ್ಯಾಪ್‌ಟಾಪ್ ಹೋಯಿತು. ಚಾರ್ಜರ್ ತೆಗೆದೇ ಇಟ್ಟಿದ್ದೆ. ಟಿವಿಗೆ ಎಚ್‌ಡಿಎಂಐ ಮಾತ್ರ ಹಾಕಿತ್ತು. ಅದು ಹೇಗೆ?

ಉತ್ತರ: ಆ ಎಚ್‌ಡಿಎಂಐಯಿಂದಲೇ. ಟಿವಿ ಪ್ಲಗ್ಗಿನಲ್ಲಿತ್ತು, ಟಿವಿಗೆ ಮಾಡಿನ ಮೇಲಿನ ಡಿಶ್ಶಿನ ಕೇಬಲ್ ಇತ್ತು ಅಲ್ವಾ? ಸಿಡಿಲಿನ ಏರು ವೋಲ್ಟೇಜ್ ಯಾವ ತಂತಿ ಸಿಕ್ಕಿದರೂ ಹಾಯುತ್ತದೆ. ಪ್ರತಿ ಅಕ್ಟೋಬರ್, ನವೆಂಬರಿನಲ್ಲಿ ನನ್ನ ಮೇಜಿನ ಮೇಲೆ ಎಚ್‌ಡಿಎಂಐ ಸುಟ್ಟ ಬೋರ್ಡುಗಳು ಬರುತ್ತವೆ. ಫೈಬರ್ ಇಂಟರ್ನೆಟ್ ಇರುವವರು ನಮಗೇನಿಲ್ಲ ಎನ್ನುತ್ತಾರೆ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಬರುವುದಿಲ್ಲ, ಸರಿ. ಆದರೆ ಮೋಡೆಮಿನ ಅಡಾಪ್ಟರ್ ಪ್ಲಗ್ಗಿನಲ್ಲಿರುತ್ತದೆ, ಅಲ್ಲಿಂದ ಲ್ಯಾನ್ ಕೇಬಲ್ ಲ್ಯಾಪ್‌ಟಾಪಿಗೆ ಬರುತ್ತದೆ. ಸ್ಪೈಕ್ ಬಸ್ಟರ್ ಸಣ್ಣಪುಟ್ಟ ಏರಿಳಿತಕ್ಕೆ ಸರಿ, ಹತ್ತಿರ ಬಿದ್ದ ಸಿಡಿಲಿಗೆ ನಂಬಬೇಡಿ. ಸಂಜೆ ಮೂಡುದಿಕ್ಕು ಕಪ್ಪಾಯಿತೆಂದರೆ ಗುಡುಗಿಗೆ ಕಾಯದೆ ಲ್ಯಾಪ್‌ಟಾಪಿಗೆ ಹಾಕಿದ ಎಲ್ಲ ತಂತಿ ಕಳಚಿ. ಗುಡುಗು ಶುರುವಾದ ಮೇಲೆ ತಂತಿ ಮುಟ್ಟಲು ಹೋಗಬೇಡಿ.

ಮುಳ್ಳೇರಿಯದಿಂದ: ನನ್ನ ಬಾತ ಬ್ಯಾಟರಿ ಈಗ ಜಗಲಿಯ ಮೂಲೆಯಲ್ಲಿ ಉಂಟು, ಪಕ್ಕದಲ್ಲಿ ಹೊಯಿಗೆ ಬಾಲ್ದಿ. ಮನೆಯವಳು ಇದೆಂತ ಪೂಜೆ ಎಂದು ಕೇಳುತ್ತಿದ್ದಾಳೆ. ನಾಳೆ ತರಲಾ?

ಉತ್ತರ: ತನ್ನಿ, ಹತ್ತು ಗಂಟೆಗೆ ಅಂಗಡಿ ತೆರೆಯುತ್ತೇನೆ. ಬಸ್ಸಿನಲ್ಲಿ ಬೇಡ, ಜನ ಜಾಸ್ತಿ ಇರುತ್ತಾರೆ. ಜೀಪಿನಲ್ಲಿ ಬರುವುದಾದರೆ ಬಾಲ್ದಿಯೂ ಜೊತೆಗಿರಲಿ.