ಚಾಚಿದ ಕಿವಿಗಳ ಶಸ್ತ್ರಚಿಕಿತ್ಸೆ: ಏನನ್ನು ನಿರೀಕ್ಷಿಸಬಹುದು?

ಪ್ರಶ್ನೆ:
ನನ್ನ ಮಗನಿಗೆ 8 ವರ್ಷ. ಅವನ ಎರಡೂ ಕಿವಿಗಳು ಹೊರಕ್ಕೆ ಚಾಚಿಕೊಂಡಿವೆ. ಸಹಪಾಠಿಗಳ ಕೀಟಲೆಯಿಂದ ನೊಂದ ಅವನೇ, ಇದನ್ನು ಸರಿಪಡಿಸಲು ಆಗುವುದಿಲ್ಲವೇ ಎಂದು ಈಚೆಗೆ ಕೇಳಿದ. ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ, ಚೇತರಿಕೆಗೆ ಎಷ್ಟು ದಿನ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಅವನ ಶ್ರವಣಶಕ್ತಿಗೆ ತೊಂದರೆಯಾದೀತೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಈ ಚಿಕಿತ್ಸೆ ನಡೆಯುವುದು ಹೊರಗಿವಿಯ ಮೃದ್ವಸ್ಥಿಯ ಮೇಲೆ ಮಾತ್ರ. ಕಿವಿಯ ತಮಟೆಯನ್ನಾಗಲಿ ಒಳಗಿವಿಯನ್ನಾಗಲಿ ಮುಟ್ಟುವುದಿಲ್ಲವಾದ್ದರಿಂದ ಶ್ರವಣದ ಬಗ್ಗೆ ನೀವು ಆತಂಕಪಡಬೇಕಿಲ್ಲ. ಹೊರಗಿವಿಯ ಒಳಮಡಿಕೆ ಸರಿಯಾಗಿ ಮೂಡದಿದ್ದರೆ, ಅಥವಾ ಕಿವಿಯ ರಂಧ್ರದ ಪಕ್ಕದ ಬಟ್ಟಲಿನಂಥ ಭಾಗ ಹೆಚ್ಚು ಆಳವಾಗಿದ್ದರೆ ಕಿವಿ ಚಾಚಿಕೊಳ್ಳುತ್ತದೆ. ಶಸ್ತ್ರವೈದ್ಯರು ಕಿವಿಯ ಹಿಂಬದಿಯಲ್ಲಿ ಚರ್ಮವನ್ನು ಕೊಯ್ದು, ಮೃದ್ವಸ್ಥಿಗೆ ಕರಗದ ಹೊಲಿಗೆ ಹಾಕಿ ಮಡಿಕೆಯನ್ನು ಮೂಡಿಸುತ್ತಾರೆ. ಬಟ್ಟಲು ಆಳವಾಗಿದ್ದರೆ ಅದನ್ನು ತಲೆಬುರುಡೆಯ ಕಡೆಗೆ ಬಿಗಿಯುತ್ತಾರೆ. ಗಾಯದ ಗುರುತು ಕಿವಿಯ ಹಿಂದೆ ಮರೆಯಾಗಿರುತ್ತದೆ. ಐದಾರು ವರ್ಷಕ್ಕೆ ಕಿವಿ ಬಹುಪಾಲು ಬೆಳೆದಿರುವುದರಿಂದ ನಿಮ್ಮ ಮಗನ ವಯಸ್ಸು ಅಡ್ಡಿಯಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ.

ಉತ್ತರ 2:
ನಾನು ವಯಸ್ಕಳಾದ ಮೇಲೆ ಇದನ್ನು ಮಾಡಿಸಿಕೊಂಡೆ. ತಲೆಯ ಸುತ್ತ ಸುತ್ತಿದ್ದ ಪಟ್ಟಿಯನ್ನು ಒಂದು ವಾರದ ನಂತರ ಬಿಚ್ಚಿದಾಗ ಕಿವಿಗಳು ಊದಿಕೊಂಡು ನೀಲಿಗಟ್ಟಿದ್ದವು. ಆ ನೋಟಕ್ಕೆ ಮಗನನ್ನು ಮೊದಲೇ ಸಿದ್ಧಗೊಳಿಸಿ, ಇಲ್ಲವಾದರೆ ಎಲ್ಲವೂ ಕೆಟ್ಟುಹೋಯಿತೆಂದು ಅವನು ಹೆದರಬಹುದು. ಆಮೇಲೆ ಆರು ವಾರ ರಾತ್ರಿ ಹೊತ್ತು ತಲೆಪಟ್ಟಿ ಧರಿಸಿ, ಅಂಗಾತ ಮಲಗಿದೆ. ಕಿವಿಯ ಜೋಮು ಹೋಗಲು ಕೆಲವು ತಿಂಗಳು ಹಿಡಿಯಿತು. ಈಗಲೂ ಎಡಗಿವಿ ಬಲಗಿವಿಗಿಂತ ತುಸು ಹೊರಗಿದೆ. ಎರಡೂ ಕಿವಿಗಳು ಅಚ್ಚಿನಲ್ಲಿ ತೆಗೆದಂತೆ ಒಂದೇ ರೀತಿ ಇರಬೇಕೆಂದು ಬಯಸುವವರಿಗೆ ನಿರಾಸೆಯಾದೀತು, ಆದರೆ ನನಗೆ ತೃಪ್ತಿಯಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಮನೆಗೆ ಬಂದ ಮೇಲೆ ಯಾವ ಲಕ್ಷಣ ಕಂಡರೆ ವೈದ್ಯರ ಬಳಿಗೆ ಮರಳಬೇಕು?

ಉತ್ತರ 1:
ಒಂದೇ ಕಿವಿಯಲ್ಲಿ ನೋವು ತಗ್ಗುವ ಬದಲು ಏರುತ್ತಿದ್ದರೆ ಪಟ್ಟಿಯ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಹಾಗೆಯೇ ಬಿಟ್ಟರೆ ಮೃದ್ವಸ್ಥಿ ಹಾಳಾಗುತ್ತದೆ. ಬೆಳಗಾಗಲೆಂದು ಕಾಯದೆ ಕೂಡಲೇ ಕರೆದೊಯ್ಯಿರಿ. ಜ್ವರ, ಕೀವು, ಹೆಚ್ಚುತ್ತಿರುವ ಕೆಂಪು ಕಂಡರೂ ತಡಮಾಡಬೇಡಿ. ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಗಾಯದ ಮೇಲೆ ಉಬ್ಬಿದ ಕೀಲಾಯ್ಡ್ ಕಲೆಗಳು ಬೆಳೆಯುವುದಿದ್ದರೆ, ಆ ವಿಷಯವನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಿ.