ಆಲೂಗಡ್ಡೆಯ ಕತ್ತರಿ ಹುಳುವಿಗೆ ಮೋಹಕ ಬಲೆ ಸಾಕೇ?

ಪ್ರಶ್ನೆ: ಹಾಸನದ ಬಳಿಯ ನಮ್ಮ 2 ಎಕರೆ ಆಲೂಗಡ್ಡೆ ಹೊಲದಲ್ಲಿ ಎಳೆಯ ಗಿಡಗಳು ಬೆಳಗಾಗುವಷ್ಟರಲ್ಲಿ ಬುಡದಲ್ಲೇ ತುಂಡಾಗಿ ಬಿದ್ದಿರುತ್ತವೆ. ಕಾಯಿಕೊರಕ ಹುಳುವಿನ ಲ್ಯೂರ್ (ಹೆಣ್ಣು ಪತಂಗದ ವಾಸನೆ ಸೂಸುವ ಆಮಿಷ) ಇಟ್ಟ ಮೋಹಕ ಬಲೆಗಳಿದ್ದರೂ ಈ ಕತ್ತರಿ ಹುಳುವಿನ ಪತಂಗಗಳು ಬೀಳುತ್ತಿಲ್ಲವೇಕೆ?

ಉತ್ತರ 1: ಪ್ರತಿ ಕೀಟದ ಹೆಣ್ಣು ಸೂಸುವ ವಾಸನೆ ಬೇರೆಯಾದ್ದರಿಂದ, ತಾವು ಕತ್ತರಿ ಹುಳುವಿನ, ಅಂದರೆ ಅಗ್ರೋಟಿಸ್ ಇಪ್ಸಿಲಾನ್ ಕೀಟದ ಲ್ಯೂರನ್ನೇ ಕೇಳಿ ತರಬೇಕು. ಆದರೂ ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ. ಗಿಡ ಕಡಿಯುವ ಮರಿಹುಳು ಹಗಲಿಡೀ ಮಣ್ಣಿನಲ್ಲಿ ಅಡಗಿರುತ್ತದೆ. ಬಲೆಯನ್ನು ಮುನ್ಸೂಚನೆಯೆಂದು ತಿಳಿಯಿರಿ, ಮದ್ದೆಂದಲ್ಲ.

ಉತ್ತರ 2: ತಾಯಿ ಪತಂಗ ಬಿತ್ತನೆಗೆ ಮುಂಚೆಯೇ ಕಳೆಗಳ ಮೇಲೆ ಮೊಟ್ಟೆಯಿಡಬಲ್ಲುದಾದ್ದರಿಂದ, ಮುಂದಿನ ಸಲ ಉಳುಮೆಯ ಹೊತ್ತಿಗೇ ಬಲೆ ಕಟ್ಟಿ. ಈಗಂತೂ ಸಂಜೆ ಸಾಲುಗಳ ನಡುವೆ ಹಸಿಹುಲ್ಲಿನ ಗುಪ್ಪೆಗಳನ್ನಿಟ್ಟು, ಬೆಳಿಗ್ಗೆ ಅವುಗಳಡಿ ಸೇರಿದ ಹುಳುಗಳನ್ನು ಆರಿಸಿ ನಾಶಮಾಡಿ.

ಉತ್ತರ 3: ಲ್ಯೂರನ್ನು 3–4 ವಾರಕ್ಕೊಮ್ಮೆ ಬದಲಿಸಲು ಮರೆಯಬೇಡಿ.